ಹಂಡೆಯ ಹಸಿರು ಆಕ್ಸೈಡ್ ಅಲ್ಲ

ಪ್ರಶ್ನೆ: ಬಚ್ಚಲಿನ ತಾಮ್ರದ ಹಂಡೆಯ ಕಂಠಕ್ಕೆ ಹಸಿರು ಕಿಲುಬು ಹಿಡಿದಿದೆ. ಆಭರಣಕ್ಕೆ ಬಳಸುವ ಮಲಕೈಟ್ ಎಂಬ ಹಸಿರು ಕಲ್ಲೂ ಇದೇ ವಸ್ತುವೇ? (ಓದುಗರೊಬ್ಬರು, ಉಡುಪಿ)

ಬಹುಮಟ್ಟಿಗೆ ಅದೇ. ಹೈಡ್ರಾಕ್ಸೈಡ್ ಬೆರೆತ ತಾಮ್ರದ ಕಾರ್ಬೊನೇಟ್. ಮಳೆಗಾಲ ಹಿಡಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಬೆನ್ನಿಗೇ “ಕಿಲುಬು ಎಂದರೆ ಕಾಪರ್ ಆಕ್ಸೈಡ್ ತಾನೇ?” ಎಂಬ ಮಾತೂ ಬರುತ್ತದೆ. ಅಲ್ಲ. ಎಷ್ಟು ಬಾರಿ ಬರೆದರೂ ಈ ನಂಬಿಕೆ ಅಳಿಯುತ್ತಿಲ್ಲ, ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ತಾಮ್ರಕ್ಕೆ ಸಾಮಾನ್ಯವಾಗಿ ಇರುವುದು ಎರಡು ಆಕ್ಸೈಡ್. ಒಂದು ಕೆಂಪು, ಇನ್ನೊಂದು ಕಪ್ಪು. ಹಸಿರಿನದು ಇಲ್ಲವೇ ಇಲ್ಲ. ಹೊಸ ಹಂಡೆ ಮೊದಲು ಕಂದುಗಟ್ಟುತ್ತದಲ್ಲ, ಆಕ್ಸೈಡ್ ಎಂದರೆ ಅದು. ಅದರ ಮೇಲೆ ತೇವ ನಿಂತು, ಗಾಳಿಯ ಕಾರ್ಬನ್ ಡೈಆಕ್ಸೈಡ್ ಆ ತೇವದಲ್ಲಿ ಕರಗಿದ ಮೇಲೆಯೇ ಹಸಿರು ಹುಟ್ಟುವುದು. ಗಾಳಿಯಲ್ಲಿ ಆ ಅನಿಲ ಇರುವುದು ಶೇ. 0.04ರಷ್ಟು ಮಾತ್ರ, ಆಟಿ ತಿಂಗಳ ಥಂಡಿಯಲ್ಲಿ ಅಷ್ಟೇ ಸಾಕು. ಪುರಾವೆ ಬೇಕಾದವರು ಪ್ರಯೋಗಾಲಯದಲ್ಲಿ ಮಲಕೈಟ್ ಪುಡಿಯನ್ನು ಪ್ರನಾಳದಲ್ಲಿ ಕಾಯಿಸಿ ನೋಡಲಿ. ಹಸಿರು ಹೋಗಿ ಕಪ್ಪಾಗುತ್ತದೆ, ಪ್ರನಾಳದ ಬಾಯಿಯಲ್ಲಿ ನೀರಹನಿ ಕಟ್ಟುತ್ತದೆ, ಹೊರಬಂದ ಅನಿಲ ಸುಣ್ಣದ ತಿಳಿನೀರನ್ನು ಬೆಳ್ಳಗಾಗಿಸುತ್ತದೆ. ತಳದಲ್ಲಿ ಉಳಿದ ಕಪ್ಪು ಪುಡಿಯೇ ಆಕ್ಸೈಡ್. ಹಸಿರೇ ಆಕ್ಸೈಡ್ ಆಗಿದ್ದರೆ ಆ ನೀರು, ಆ ಅನಿಲ ಎಲ್ಲಿಂದ ಬರಬೇಕಿತ್ತು? ಹತ್ತನೆಯ ತರಗತಿಯ ಮಕ್ಕಳು ಇದನ್ನು ತಪ್ಪಿಲ್ಲದೆ ಬರೆಯುತ್ತಾರೆ. ತಕರಾರು ತೆಗೆಯುವವರು ಅವರ ಅಪ್ಪಂದಿರು.

ಇನ್ನು ಕಲ್ಲು. ತಾಮ್ರದ ಸಲ್ಫೈಡ್ ಅದಿರು ನೆಲದ ಮೇಲ್ಪದರದಲ್ಲಿ ಮಳೆನೀರು, ಆಮ್ಲಜನಕಗಳಿಗೆ ಸಿಕ್ಕಿ ಕರಗುತ್ತದೆ. ಆ ನೀರು ಸುಣ್ಣಕಲ್ಲಿನಂಥ ಬಂಡೆಯನ್ನು ಸೋಕಿದಾಗ ಮಲಕೈಟ್ ಪದರ ಪದರವಾಗಿ ಕೂರುತ್ತದೆ. ಕೊಯ್ದ ಕಲ್ಲಿನಲ್ಲಿ ಕಾಣುವ ತಿಳಿ, ಗಾಢ ಪಟ್ಟೆಗಳು ಅವೇ. ತೂಕದಲ್ಲಿ ಶೇ. 57ರಷ್ಟು ತಾಮ್ರವೇ ಇರುವುದರಿಂದ ಅದು ಅದಿರೂ ಹೌದು. ನಮ್ಮ ಮುರಕಲ್ಲಿನ ಗೋಡೆಯ ಹಸಿರು ಬರಿಯ ಪಾಚಿ. ಅದರ ಚಿತ್ರ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ.

ಯಾರೂ ಕೇಳಿಲ್ಲವಾದರೂ ಇದನ್ನು ಹೇಳಲೇಬೇಕು: ಮಲ್ಪೆ, ಪಣಂಬೂರಿನಂಥ ಕಡಲ ಬದಿಯಲ್ಲಿ ತಾಮ್ರ ಹೊದಿಸಿದ ಮಾಡು ಹಸಿರಾದರೆ ಅದು ಮಲಕೈಟ್ ಎಂದು ತೀರ್ಮಾನಿಸಬೇಡಿ. ಉಪ್ಪುಗಾಳಿಯ ಕ್ಲೋರೈಡ್ ತಾಮ್ರದೊಡನೆ ಸೇರಿ ಅಟಕಮೈಟ್ ಎಂಬ ಬೇರೊಂದು ಹಸಿರು ಖನಿಜವಾಗಬಲ್ಲದು. ಚಿಲಿಯ ಅಟಕಾಮಾ ಮರುಭೂಮಿಯಿಂದ ಅದಕ್ಕೆ ಆ ಹೆಸರು. ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ಮಲಕೈಟ್ ಗುಳ್ಳೆಯೇಳುತ್ತದೆ, ಅಟಕಮೈಟ್ ಗುಳ್ಳೆಯಿಲ್ಲದೆ ಕರಗುತ್ತದೆ. ಹುಣಸೆಹುಳಿಗೆ ಎರಡೂ ಬಿಡುತ್ತವೆ. ಹುಳಿಗೆ ತಾಮ್ರ ಹಾಗೆ ಕರಗುವುದರಿಂದಲೇ ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಸಾರು, ಮಜ್ಜಿಗೆ ಇಡಬಾರದು.