ಹಳೇ ಕ್ಯಾಮೆರಾನ ಮನೇಲೇ ಇನ್‌ಫ್ರಾರೆಡ್ ಮಾಡ್ಕೋಬಹುದಾ?

ಪ್ರಶ್ನೆ: ಸರ್, ನನ್ನ ಹತ್ರ ಒಂದು ಹಳೇ ಡಿಜಿಟಲ್ ಕ್ಯಾಮೆರಾ ಬೀರುವಲ್ಲಿ ಸುಮ್ನೆ ಬಿದ್ದಿದೆ. ಒಳಗಿರೋ ಒಂದು ಗ್ಲಾಸ್ ತೆಗೆದ್ರೆ ಮರಗಿಡ ಎಲ್ಲ ಬೆಳ್ಳಗೆ ಕಾಣೋ ಇನ್‌ಫ್ರಾರೆಡ್ ಫೋಟೋ ಬರುತ್ತಂತೆ, ನಿಜಾನಾ? ಮನೇಲೇ ಮಾಡ್ಕೋಬಹುದಾ ಇಲ್ಲ ರಿಪೇರಿಯವರಿಗೆ ಕೊಡಬೇಕಾ?

ನಿಜ, ಮನೇಲೂ ಮಾಡಬಹುದು. ಆದ್ರೆ ಯಾವ ಕ್ಯಾಮೆರಾ ಅನ್ನೋದನ್ನ ನೀವು ಬರೆದಿಲ್ಲ, ಉತ್ತರ ಪೂರ್ತಿ ಅದರ ಮೇಲೇ ನಿಂತಿರೋದು. ಫ್ಲ್ಯಾಶ್ ಒಳಗೇ ಇರೋ ಪುಟ್ಟ ಕ್ಯಾಮೆರಾ ಬಿಚ್ಚೋದಕ್ಕೂ ಫ್ಲ್ಯಾಶ್ ಇಲ್ಲದ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಬಿಚ್ಚೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಮೊದ್ಲು ಆ ಗ್ಲಾಸ್ ಯಾಕಿದೆ ಅಂತ ನೋಡೋಣ. ಬೆಳಕು ಹಿಡಿದು ಫೋಟೋ ಮಾಡೋ ಸೆನ್ಸರ್ ಮಾಡಿರೋದು ಸಿಲಿಕಾನ್‌ನಲ್ಲಿ, ನಮ್ಮ ಕಣ್ಣಿಗೆ ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು ಮಾತ್ರ ಕಂಡ್ರೆ ಸಿಲಿಕಾನ್‌ಗೆ ಹೆಚ್ಚುಕಮ್ಮಿ 1100ರ ತನಕ ಕಾಣುತ್ತೆ, ಹಾಗೇ ಬಿಟ್ರೆ ಬಣ್ಣ ಎಲ್ಲ ಕೆಟ್ಟುಹೋಗುತ್ತೆ ಅಂತ ಕಂಪನಿಯವರು ಸೆನ್ಸರ್ ಮುಂದೆ ಇನ್‌ಫ್ರಾರೆಡ್ ತಡೆಯೋ ಒಂದು ಗ್ಲಾಸ್ ಕೂರಿಸಿರ್ತಾರೆ. ಹಾಟ್ ಮಿರರ್ ಅಂತ ಹೆಸರು. 2006ರಲ್ಲಿ ಬಂದ ಲೈಕಾ ಎಂ8ನಲ್ಲಿ ಇದು ಸಾಕಾಗದೆ ಕಪ್ಪು ಸಿಂಥೆಟಿಕ್ ಬಟ್ಟೆ ಫೋಟೋದಲ್ಲಿ ನೇರಳೆ ಆಗಿ ಕಾಣ್ತಿತ್ತು, ಕೊನೆಗೆ ಕಂಪನಿ ಲೆನ್ಸ್ ಮುಂದೆ ಹಾಕ್ಕೊಳ್ಳೋಕೆ ಫ್ರೀಯಾಗಿ ಫಿಲ್ಟರ್ ಕೊಡಬೇಕಾಯ್ತು.

ಇನ್ನು ಎಲೆ ಬೆಳ್ಳಗೆ ಬರೋದು ಬಿಸಿಯಿಂದ ಅಂತ ತುಂಬ ಜನ ಅಂದ್ಕೊಂಡಿದ್ದಾರೆ, ಅಲ್ಲ. ಬಿಸಿ ನೋಡೋ ಥರ್ಮಲ್ ಕ್ಯಾಮೆರಾ ಕೆಲಸ ಮಾಡೋದು 8,000ದಿಂದ 14,000 ನ್ಯಾನೋಮೀಟರ್‌ನಲ್ಲಿ, ಅದಕ್ಕೆ ಸೆನ್ಸರೂ ಬೇರೆ, ಲೆನ್ಸೂ ಬೇರೆ. ನಮ್ಮದು ಬಿಸಿಲಿನಲ್ಲೇ ಇರೋ, ಕೆಂಪಿನ ಪಕ್ಕದ ಬೆಳಕು. ಎಲೆಯ ಪತ್ರಹರಿತ್ತು ಆ ಬೆಳಕನ್ನ ಹೀರೋದೇ ಇಲ್ಲ, ಎಲೆ ಒಳಗಿನ ಜೀವಕೋಶಗಳ ನಡುವೆ ಚದುರಿ ವಾಪಸ್ ಬರುತ್ತೆ, ಅದಕ್ಕೇ ಮರ ಬೆಳ್ಳಗೆ. ಆಕಾಶ ಉಲ್ಟಾ, ಗಾಳಿ ಇನ್‌ಫ್ರಾರೆಡ್‌ನ ಹೆಚ್ಚು ಚದುರಿಸಲ್ಲ, ಹಂಗಾಗಿ ಕಪ್ಪಾಗುತ್ತೆ. ರಾಬರ್ಟ್ ವುಡ್ ಅನ್ನೋ ಅಮೆರಿಕದ ಭೌತವಿಜ್ಞಾನಿ 1910ರಲ್ಲೇ ಇಂಥ ಫೋಟೋ ಪ್ರಕಟಿಸಿದ್ದ.

ಬಿಚ್ಚೋಕೆ ಮುಂಚೆ ಒಂದು ಸಣ್ಣ ಟೆಸ್ಟ್ ಮಾಡಿ. ಟೀವಿ ರಿಮೋಟನ್ನ ಕ್ಯಾಮೆರಾ ಕಡೆ ಹಿಡಿದು ಬಟನ್ ಒತ್ತಿ, ಸ್ಕ್ರೀನಲ್ಲಿ ಬಲ್ಬು ಬೆಳಗಿದ್ರೆ ಆ ಗ್ಲಾಸ್ ಇನ್‌ಫ್ರಾರೆಡ್‌ನ ಪೂರ್ತಿ ತಡೀತಿಲ್ಲ ಅಂತ. ಚೆನ್ನಾಗಿ ಬೆಳಗ್ತಿದ್ರೆ ಏನೂ ಬಿಚ್ಚದೆ ಲೆನ್ಸ್ ಮುಂದೆ 720 ನ್ಯಾನೋಮೀಟರ್ ಫಿಲ್ಟರ್ (ಕಣ್ಣಿಗೆ ಕಾಣೋ ಬೆಳಕನ್ನ ತಡೆದು ಇನ್‌ಫ್ರಾರೆಡ್ ಬಿಡೋದು) ಹಾಕಿ ಟ್ರೈಪಾಡ್ ಮೇಲಿಟ್ಟು ಕೆಲವು ಸೆಕೆಂಡ್ ಎಕ್ಸ್‌ಪೋಶರ್ ಕೊಟ್ರೆ ಫೋಟೋ ಬರುತ್ತೆ, ನಿಕಾನ್ ಡಿ70 ಥರದ ಹಳೇ ಕ್ಯಾಮೆರಾಗಳು ಇದಕ್ಕೇ ಹೆಸರುವಾಸಿ. ಹೋಯಾ ಆರ್72 ಅಂತ ಕೇಳಿದ್ರೆ ಸಿಗುತ್ತೆ. ಗಾಳಿ ಬೀಸಿದ್ರೆ ಎಲೆ ಅಲುಗಾಡಿ ಮಸುಕಾಗುತ್ತೆ, ಅಷ್ಟೇ ತೊಂದ್ರೆ. ಇದರಲ್ಲೇ ತೃಪ್ತಿ ಆದ್ರೆ ಸ್ಕ್ರೂಡ್ರೈವರ್ ಸಹವಾಸವೇ ಬೇಡ. ಹಾಗೆ ನೋಡಿದ್ರೆ ಸಿಗ್ಮಾ ಎಸ್‌ಡಿ14, ಎಸ್‌ಡಿ1 ಥರದ ಕ್ಯಾಮೆರಾಗಳಲ್ಲಿ ಒಳಗಿನ ಹಾಟ್ ಮಿರರನ್ನ ನಾವೇ ಕೈಯಲ್ಲಿ ತೆಗೆದು ಮತ್ತೆ ಹಾಕಬಹುದು, ಬೇರೆಯವರಿಗೆ ಯಾಕೆ ಹೀಗೆ ಹೊಳೀಲಿಲ್ಲವೋ.

ಬಿಚ್ಚಲೇಬೇಕು ಅಂದ್ರೆ ಮೊದ್ಲು ಈ ಪ್ಯಾರಾ ಪೂರ್ತಿ ಓದಿ. ಫ್ಲ್ಯಾಶ್ ಇರೋ ಎಲ್ಲಾ ಕ್ಯಾಮೆರಾದೊಳಗೆ ಫ್ಲ್ಯಾಶಿಗೆ ಬೇಕಾದ ಕರೆಂಟ್ ಕೂಡಿಡೋ ಒಂದು ಕೆಪಾಸಿಟರ್ ಇರುತ್ತೆ, ಅದರಲ್ಲಿ ಸುಮಾರು 300 ವೋಲ್ಟ್ ಕೂತಿರುತ್ತೆ, ಬ್ಯಾಟರಿ ತೆಗೆದ ಮಾತ್ರಕ್ಕೆ ಅದು ಹೋಗಲ್ಲ. ನಮ್ಮನೆ ಪ್ಲಗ್ ಪಾಯಿಂಟ್ 230 ವೋಲ್ಟ್ ಅನ್ನೋದು ನೆನಪಿರಲಿ. ಫ್ಲ್ಯಾಶ್ ಆಫ್ ಮಾಡಿ, ಬ್ಯಾಟರಿ ತೆಗೆದು ಕೆಲವು ದಿನ ಬಿಡಿ, ಆಮೇಲೂ ನಂಬಬೇಡಿ, ಕವರ್ ತೆಗೆದ ತಕ್ಷಣ ಮಲ್ಟಿಮೀಟರ್‌ನಲ್ಲಿ ಅಳೆದು, ಚಾರ್ಜ್ ಇದ್ರೆ ಇನ್ಸುಲೇಟೆಡ್ ವೈರ್ ಬೆಸುಗೆ ಹಾಕಿದ 1 ಅಥವಾ 2 ಕಿಲೋ ಓಮ್‌ನ, 5 ವ್ಯಾಟ್‌ನ ರೆಸಿಸ್ಟರ್ ಮೂಲಕ ಖಾಲಿ ಮಾಡಿ ಮತ್ತೆ ಅಳೀರಿ. ಸ್ಕ್ರೂಡ್ರೈವರ್ ತುದಿ ತಗುಲಿಸಿ ಚಟ್ ಅನ್ನಿಸೋ ವಿಡಿಯೋ ನೋಡಿ ಹಂಗೇ ಮಾಡೋಕೆ ಹೋಗಬೇಡಿ. ಮಲ್ಟಿಮೀಟರ್ ಬಳಸೋಕೆ ಬರಲ್ಲ ಅಂದ್ರೆ ನನ್ನ ಉತ್ತರ ಸೀದಾ: ಫ್ಲ್ಯಾಶ್ ಇರೋ ಕ್ಯಾಮೆರಾ ಬಿಚ್ಚಬೇಡಿ, ರಿಪೇರಿಯವರಿಗೇ ಕೊಡಿ. ಒಳಗೆ ಫ್ಲ್ಯಾಶೇ ಇಲ್ಲದ ಹಳೇ ಮಿರರ್‌ಲೆಸ್ ಸೆಕೆಂಡ್‌ಹ್ಯಾಂಡಲ್ಲಿ ಸಿಕ್ರೆ ಅದೇ ಮನೆ ಪ್ರಯೋಗಕ್ಕೆ ವಾಸಿ.

ಇನ್ನು ಗ್ಲಾಸ್ ತೆಗೆಯೋ ಕೆಲಸ. ನಿಮ್ಮ ಮಾಡೆಲ್ ಬಿಚ್ಚೋ ಫೋಟೋಗಳು ನೆಟ್ಟಲ್ಲಿ ಸಿಕ್ರೆ ಮಾತ್ರ ಶುರು ಮಾಡಿ. ಪ್ರತಿ ಹಂತಕ್ಕೂ ಫೋನಲ್ಲಿ ಒಂದು ಫೋಟೋ ತಗೊಳ್ಳಿ, ಸ್ಕ್ರೂಗಳನ್ನ ಒಂದು ಹಾಳೆ ಮೇಲೆ ಕ್ಯಾಮೆರಾ ಚಿತ್ರ ಬರೆದು ಆಯಾ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿ, ಯಾಕಂದ್ರೆ ಉದ್ದ ಬೇರೆಬೇರೆ ಇರುತ್ತೆ, ಉದ್ದದ್ದನ್ನ ಗಿಡ್ಡದ್ದರ ಜಾಗಕ್ಕೆ ಹಾಕಿದ್ರೆ ಒಳಗಿನ ಬೋರ್ಡಿಗೆ ಚುಚ್ಚುತ್ತೆ. ಕೆಲವು ಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರೋ ಕ್ಯಾಮೆರಾ) ಸೆನ್ಸರ್ ಹಿಡಿದಿರೋ ಸ್ಕ್ರೂಗಳು ಸ್ಪ್ರಿಂಗ್ ಮೇಲೆ ಕೂತಿರ್ತಾವೆ, ಎಷ್ಟು ಸುತ್ತು ತಿರುಗಿಸಿ ತೆಗೆದ್ರಿ ಅಂತ ಬರೆದಿಟ್ಕೊಂಡು ಅಷ್ಟೇ ಸುತ್ತು ವಾಪಸ್ ಹಾಕ್ಬೇಕು, ಇಲ್ದಿದ್ರೆ ಸೆನ್ಸರ್ ಓರೆಯಾಗಿ ಫೋಟೋದ ಒಂದು ಕಡೆ ಶಾರ್ಪು ಇನ್ನೊಂದು ಕಡೆ ಮಸುಕು. ಹಾಟ್ ಮಿರರ್ ಗುರುತಿಸೋದು ಸುಲಭ, ನೇರ ನೋಡಿದ್ರೆ ತಿಳಿ ನೀಲಿ-ಹಸಿರು, ಓರೆ ಹಿಡಿದ್ರೆ ಗುಲಾಬಿ ಮಿಂಚು ಹೊಡೆಯುತ್ತೆ. ಅದರ ಕೆಳಗೆ ಸೆನ್ಸರ್‌ಗೇ ಅಂಟಿರೋ ಇನ್ನೊಂದು ಗ್ಲಾಸ್ ಇರುತ್ತೆ, ಅದನ್ನ ಮುಟ್ಟಲೇಬೇಡಿ.

ತೆಗೆದ ಜಾಗ ಖಾಲಿ ಬಿಟ್ರೆ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಗ್ಲಾಸ್ ಒಳಗೆ ಹಾದಾಗ ಫೋಕಸ್ ಆಗೋ ಜಾಗ ಅದರ ದಪ್ಪದ ಹೆಚ್ಚುಕಮ್ಮಿ ಮೂರನೇ ಒಂದು ಭಾಗದಷ್ಟು ಹಿಂದಕ್ಕೆ ಹೋಗುತ್ತೆ, ಗ್ಲಾಸ್ ತೆಗೆದ್ರೆ ಅಷ್ಟು ಮುಂದಕ್ಕೆ ಬರುತ್ತೆ. ಲೆನ್ಸಿಗೆ ಇನ್ಫಿನಿಟಿ (ಅತಿ ದೂರದ ಫೋಕಸ್) ದಾಟಿ ಹೋಗೋಕೆ ಜಾಗ ಇಲ್ಲ ಅಂದ್ರೆ ದೂರದ ಬೆಟ್ಟ ಯಾವತ್ತೂ ಫೋಕಸ್ ಆಗಲ್ಲ, ಹತ್ರದ್ದು ಮಾತ್ರ ಆಗುತ್ತೆ. ಹಂಗಾಗಿ ತೆಗೆದ ಗ್ಲಾಸ್ ದಪ್ಪ ಕ್ಯಾಲಿಪರ್‌ನಲ್ಲಿ ಅಳೆದು ಅಷ್ಟೇ ದಪ್ಪದ್ದು ಹಾಕಿ. ಪುಟ್ಟ ಕ್ಯಾಮೆರಾ ಆದ್ರೆ ಲ್ಯಾಬ್ ಸಾಮಾನು ಮಾರೋ ಅಂಗಡೀಲಿ ಸಿಗೋ ಮೈಕ್ರೋಸ್ಕೋಪ್ ಸ್ಲೈಡ್ ಸಾಕು, ಅದು ಸಾಮಾನ್ಯವಾಗಿ 1 ಮಿಲಿಮೀಟರ್ ಇರುತ್ತೆ, ಗ್ಲಾಸ್ ಕಟರ್‌ನಲ್ಲಿ ಗೀರಿ ಮುರಿದು ಸೈಜಿಗೆ ತರಬಹುದು, ಕನ್ನಡಕ ಹಾಕ್ಕೊಂಡೇ ಮುರೀರಿ.

ಹಿಂಗೆ ಪಾರದರ್ಶಕ ಗ್ಲಾಸ್ ಹಾಕಿದ್ರೆ ಕಣ್ಣಿಗೆ ಕಾಣೋದೂ ಇನ್‌ಫ್ರಾರೆಡ್ಡೂ ಎರಡೂ ಬರುತ್ತೆ, ಲೆನ್ಸ್ ಮುಂದೆ ಬೇಕಾದ ಫಿಲ್ಟರ್ ಬದಲಾಯಿಸ್ತಾ ಹೋಗಬಹುದು. ಒಳಗೇ 720 ಫಿಲ್ಟರ್ ಕೂರಿಸಿದ್ರೆ ಬರೀ ಇನ್‌ಫ್ರಾರೆಡ್. ಮಿರರ್‌ಲೆಸ್‌ಗೆ ಮೊದಲನೇದೇ ಸರಿ ಅನ್ಸುತ್ತೆ ನನಗೆ, ಲೆನ್ಸಿಗೆ ಫಿಲ್ಟರ್ ಹಾಕೋ ಸುರುಳಿಯೇ ಇಲ್ಲದ ಪುಟ್ಟ ಕ್ಯಾಮೆರಾಕ್ಕೆ ಎರಡನೇದು. ದುಡ್ಡು ಖರ್ಚು ಬೇಡ ಅಂದ್ರೆ ಹಳೇ ಕಲರ್ ನೆಗೆಟಿವ್ ರೋಲಿನ ತುದೀಲಿ ಬೆಳಕು ಬಿದ್ದು ಪೂರ್ತಿ ಕಪ್ಪಾಗಿರೋ ತುಂಡು ಇರುತ್ತಲ್ಲ, ಡೆವಲಪ್ ಆಗಿರೋದು, ಅದನ್ನೇ ಎರಡು ಪದರ ಮಾಡಿ ಲೆನ್ಸ್ ಮುಂದೆ ಹಿಡೀರಿ, ಶಾರ್ಪ್‌ನೆಸ್ ಸ್ವಲ್ಪ ಹೋಗುತ್ತೆ ಆದ್ರೆ ಕೆಲಸ ನಡೆಯುತ್ತೆ.

ಕ್ಯಾಮೆರಾ ವಾಪಸ್ ಜೋಡಿಸಿ ಮೊದಲ ಫೋಟೋ ತೆಗೆದಾಗ ಎಲ್ಲ ಕೆಂಪು ಕೆಂಪು ಬರುತ್ತೆ, ಗಾಬರಿ ಬೀಳ್ಬೇಡಿ. ಬಿಸಿಲು ಬಿದ್ದಿರೋ ಹಸಿರು ಹುಲ್ಲಿನ ಮೇಲೆ ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿ (ಇದನ್ನೇ ಬಿಳಿ ಅಂತ ತಗೋ ಅಂತ ಕ್ಯಾಮೆರಾಗೆ ಹೇಳೋದು), ಎಲೆ ಬೆಳ್ಳಗೆ ಆಕಾಶ ಕಂದು ಬಣ್ಣಕ್ಕೆ ಬರುತ್ತೆ, ಆಮೇಲೆ ಗಿಂಪ್‌ನಲ್ಲೋ ಫೋಟೋಶಾಪ್‌ನಲ್ಲೋ ಕೆಂಪು ಮತ್ತೆ ನೀಲಿ ಚಾನೆಲ್ ಅದಲುಬದಲು ಮಾಡಿದ್ರೆ ಆಕಾಶ ನೀಲಿ ಆಗುತ್ತೆ. ನಮ್ಮ ಕಡೆ ಇದಕ್ಕೆ ಒಳ್ಳೇ ಕಾಲ ಅಂದ್ರೆ ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರ್, ಹಸಿರೂ ಇರುತ್ತೆ ಬಿಸಿಲೂ ಇರುತ್ತೆ, ಬೇರೆ ಫೋಟೋಗ್ರಾಫರ್‌ಗಳು ಕ್ಯಾಮೆರಾ ಒಳಗಿಡೋ ಮಟಮಟ ಮಧ್ಯಾಹ್ನವೇ ನಮಗೆ ಬೇಕಾದ ಹೊತ್ತು. ಫೋಟೋ ನಡುವೆ ಬೆಳ್ಳನೆ ಮಚ್ಚೆ ಕಂಡ್ರೆ ಅದು ನಿಮ್ಮ ಕೈಕೆಲಸದ ತಪ್ಪಲ್ಲ, ಕೆಲವು ಲೆನ್ಸ್‌ಗಳ ಗುಣವೇ ಅದು, ಲೆನ್ಸಿನ ಕಿಂಡಿ ಚಿಕ್ಕದಾಗಿರೋ ಎಫ್16ರಲ್ಲಿ ಜಾಸ್ತಿ ಕಾಣುತ್ತೆ. ಎಫ್5.6ಕ್ಕೆ ತಂದು ನೋಡಿ, ಆಗ್ಲೂ ಹೋಗ್ಲಿಲ್ಲ ಅಂದ್ರೆ ಲೆನ್ಸ್ ಬದಲಾಯಿಸಿ, ಎಡಿಟಿಂಗಲ್ಲಿ ಸರಿ ಮಾಡ್ತೀನಿ ಅಂತ ರಾತ್ರಿ ಎಲ್ಲ ಕೂರಬೇಡಿ.