ಹರಿತ ಮಾಡಿದರೆ ಸಾಲದು, ತೂಕವೂ ಸಮ ಇರಬೇಕು

ಲಾನ್ ಕತ್ತರಿಸಿ ಎರಡು ದಿನ ಆದಮೇಲೆ ಹತ್ತಿರ ಕೂತು ಹುಲ್ಲಿನ ತುದಿ ನೋಡಿ. ತುದಿ ನೀಟಾಗಿ ತುಂಡಾಗಿದ್ದರೆ ಮೋವರ್‌ನ, ಅಂದರೆ ಹುಲ್ಲು ಕತ್ತರಿಸುವ ಯಂತ್ರದ, ಬ್ಲೇಡು ಹರಿತವಾಗಿದೆ. ನಾರುನಾರಾಗಿ ಸೀಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬ್ಲೇಡು ಮೊಂಡಾಗಿದೆ. ಅದು ಹುಲ್ಲನ್ನು ಕತ್ತರಿಸಿಲ್ಲ, ಹರಿದಿದೆ. ಹರಿದ ಜಾಗದಿಂದ ನೀರು ಜಾಸ್ತಿ ಆರಿಹೋಗುತ್ತದೆ, ರೋಗಕ್ಕೂ ದಾರಿ ಸಿಗುತ್ತದೆ.

ಆದರೂ ಹುಲ್ಲು ಸಾಯುವುದಿಲ್ಲ. ಅದು ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ದನ ಮೇದು ಹೋದರೂ ಗರಿಕೆ ಮತ್ತೆ ಚಿಗುರುವುದು ಇದಕ್ಕೇ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬರ್ಮುಡಾ ಗ್ರಾಸ್ ಎಂದು ಮನೆಮುಂದೆ ಬೆಳೆಸುವ ಹುಲ್ಲು ನಾವು ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಅಲ್ಲಿರುವ ಎಷ್ಟೋ ಕನ್ನಡಿಗರು ಬೇಸಿಗೆ ಪೂರ್ತಿ ಅದನ್ನೇ ಕತ್ತರಿಸುತ್ತಿರುತ್ತಾರೆ!

ಮೊದಲ ಮೋವರ್‌ಗೆ ಪೇಟೆಂಟ್ ಸಿಕ್ಕಿದ್ದು 1830ರಲ್ಲಿ, ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್‌ಗೆ. ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರವೇ ಅವನಿಗೆ ಪ್ರೇರಣೆ. ಅದರಲ್ಲಿ ತಿರುಗುವ ಅಲಗಿಗೂ ಅಲುಗಾಡದ ಪಟ್ಟಿಗೂ ನಡುವೆ ಸಿಕ್ಕಿ ಹುಲ್ಲು ತುಂಡಾಗುತ್ತಿತ್ತು. ಇಂದು ಹೆಚ್ಚಿನ ಮನೆಗಳಲ್ಲಿರುವ ರೋಟರಿ ಮೋವರ್‌ನಲ್ಲಿ ಆ ಪಟ್ಟಿ ಇಲ್ಲ. ಒಂದೇ ಬ್ಲೇಡು, ಹುಲ್ಲಿಗೆ ಹಿಂದೆ ಯಾವ ಆಸರೆಯೂ ಇಲ್ಲ. ಹುಲ್ಲು ಬಾಗಿ ತಪ್ಪಿಸಿಕೊಳ್ಳುವ ಮೊದಲೇ ಅದನ್ನು ಕಡಿಯಬೇಕು. ಹಾಗಾಗಿ ವೇಗವೇ ಇದರ ಶಕ್ತಿ. 53 ಸೆಂಟಿಮೀಟರ್ ಉದ್ದದ ಬ್ಲೇಡು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ.

ಈ ವೇಗ ನೆನಪಿದ್ದರೆ ಸಾಣೆ ಹಿಡಿಯುವ ಕೆಲಸವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮೊದಲು ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತಿಡಿ; ಬ್ಯಾಟರಿ ಯಂತ್ರವಾದರೆ ಬ್ಯಾಟರಿ ತೆಗೆಯಿರಿ. ಕೈಯಲ್ಲಿ ಬ್ಲೇಡು ತಿರುಗಿಸಿದರೂ ಎಂಜಿನ್ ಸ್ಟಾರ್ಟ್ ಆಗಬಹುದು, ಇದು ಸುಮ್ನೆ ಹೇಳುವ ಮಾತಲ್ಲ. ಮೋವರ್ ವಾಲಿಸುವಾಗ ಏರ್ ಫಿಲ್ಟರ್ ಇರುವ ಬದಿ ಮೇಲಿರಲಿ, ಇಲ್ಲದಿದ್ದರೆ ಫಿಲ್ಟರ್‌ಗೆ ಆಯಿಲ್ ಇಳಿಯುತ್ತದೆ. ಬ್ಲೇಡಿಗೆ ಒಂದು ಮರದ ತುಂಡು ಅಡ್ಡ ಕೊಟ್ಟು, ದಪ್ಪ ಗ್ಲೌಸ್ ಹಾಕಿಕೊಂಡು ಬೋಲ್ಟ್ ಬಿಚ್ಚಿ. ಬಿರುಕು ಬಿಟ್ಟಿದ್ದರೆ ಅಥವಾ ಬಾಗಿದ್ದರೆ ಆ ಬ್ಲೇಡು ಗುಜರಿಗೆ. ಬಡಿದು ನೆಟ್ಟಗೆ ಮಾಡುವುದು, ವೆಲ್ಡಿಂಗ್ ಹಾಕಿಸುವುದು ಬೇಡವೇ ಬೇಡ.

ಅಲುಗಾಡದಂತೆ ಕಚ್ಚಿ ಹಿಡಿಯುವ ವೈಸ್‌ಗೆ ಬ್ಲೇಡನ್ನು ಸಿಕ್ಕಿಸಿ, ಇಳಿಜಾರಿರುವ ಬದಿಯನ್ನು ಮಾತ್ರ ಅರದಲ್ಲಿ ಉಜ್ಜಿ. ಕಂಪನಿ ಕೊಟ್ಟ ಕೋನವನ್ನೇ ಉಳಿಸಿಕೊಳ್ಳಿ, ಸಾಮಾನ್ಯವಾಗಿ 30 ಡಿಗ್ರಿ ಆಸುಪಾಸು ಇರುತ್ತದೆ. ಶೇವಿಂಗ್ ಬ್ಲೇಡಿನಷ್ಟು ತೆಳು ಅಂಚು ಬೇಡ, ಒಂದು ಸಣ್ಣ ಕಲ್ಲು ತಾಗಿದರೆ ಮಡಚಿಕೊಳ್ಳುತ್ತದೆ. ಗ್ರೈಂಡರ್ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಉಕ್ಕು ಕಾದು ಅಂಚಿಗೆ ನೀಲಿ ಬಣ್ಣ ಬಂದರೆ ಹದ ಹೋಯಿತು ಎಂದೇ ಅರ್ಥ. ಕಾಯಿಸಿ ತಣಿಸಿ ಕೊಟ್ಟ ಗಟ್ಟಿತನ ಅಲ್ಲಿ ಕಡಿಮೆಯಾಗಿರುತ್ತದೆ, ಅಂಚು ಬೇಗ ಮೊಂಡಾಗುತ್ತದೆ. ನನ್ನ ಮಟ್ಟಿಗೆ ಮನೆ ಕೆಲಸಕ್ಕೆ ಅರವೇ ಒಳ್ಳೆಯದು.

ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಸಾಣೆ ಹಿಡಿಯುವಾಗ ಎರಡೂ ತುದಿಯಲ್ಲಿ ಒಂದೇ ಸಮ ಲೋಹ ಸವೆಯುವುದಿಲ್ಲ. ಒಂದು ತುದಿ 5 ಗ್ರಾಂ ಭಾರ ಉಳಿಯಿತು ಅಂದುಕೊಳ್ಳಿ. 5 ಗ್ರಾಂ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಅದೇ ಬ್ಲೇಡು ಅದೇ 3,000 ಸುತ್ತಿನಲ್ಲಿ ತಿರುಗುವಾಗ ಆ 5 ಗ್ರಾಂ ನಡುವಿನ ದಂಡವನ್ನು ಸುಮಾರು 13 ಕೆಜಿ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಅದೂ ಒಂದೇ ದಿಕ್ಕಿಗಲ್ಲ, ಸೆಕೆಂಡಿಗೆ 50 ಬಾರಿ ಸುತ್ತಲೂ ದಿಕ್ಕು ಬದಲಿಸುತ್ತಾ. ಕೈಗೆ ನಡುಕ ಬರುವುದು, ಬೋಲ್ಟ್ ಸಡಿಲವಾಗುವುದು, ಬೇರಿಂಗ್ ಸವೆಯುವುದು ಹೀಗೆ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ.

ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕಳೆ ಹೊಡೆಯುವ ಬ್ರಷ್ ಕಟರ್ ಇನ್ನೂ ಜೋರು. ನಿಮಿಷಕ್ಕೆ 8,000 ಸುತ್ತು ತಿರುಗುವ 255 ಮಿಲಿಮೀಟರ್ ಬ್ಲೇಡಿನ ತುದಿಯಲ್ಲಿ ಬರೀ 1 ಗ್ರಾಂ ಹೆಚ್ಚಿದ್ದರೆ ಎಳೆತ ಸುಮಾರು 9 ಕೆಜಿ! ಆ ಯಂತ್ರ ನೆಲದ ಮೇಲೆ ಓಡುವುದಿಲ್ಲ, ಕೆಲಸದವರ ಹೆಗಲಲ್ಲಿ ತೂಗುತ್ತದೆ, ಕೈಯಲ್ಲಿ ಅದುರುತ್ತದೆ. ಇಂಥ ಅದುರು ವರ್ಷಗಟ್ಟಲೆ ತಾಗಿದರೆ ಬೆರಳಿನ ರಕ್ತನಾಳ, ನರಗಳಿಗೆ ಹಾನಿಯಾಗಿ ಬೆರಳು ಬಿಳಚಿಕೊಂಡು ಮರಗಟ್ಟುವ ಕಾಯಿಲೆ ಬರುತ್ತದೆ. ತೋಟದ ಮಾಲೀಕರು ಬ್ಲೇಡಿನ ತೂಕದ ಕಡೆ ಗಮನ ಕೊಡಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೆ.

ಮೋವರ್ ಬ್ಲೇಡಿನ ತೂಕ ನೋಡುವುದು ಕಷ್ಟವಲ್ಲ. ಮೊದಲು ಅಂಟಿದ ಮಣ್ಣು, ಹುಲ್ಲು ಕೆರೆದು ತೆಗೆಯಿರಿ. ಗೋಡೆಗೆ ನೇರವಾಗಿ ಹೊಡೆದ ಮೊಳೆಗೆ ನಡುವಿನ ತೂತು ಸಿಕ್ಕಿಸಿ, ಅಡ್ಡಡ್ಡ ಹಿಡಿದು ಬಿಡಿ. ಇಳಿದ ತುದಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಆಮೇಲೆ ಬ್ಲೇಡಿನ ಹಿಂದು ಮುಂದು ಮಾಡಿ, ಗುರುತಿನ ತುದಿ ಇನ್ನೊಂದು ಕಡೆಗೆ ಬರುವಂತೆ ತೂಗುಹಾಕಿ. ಮತ್ತೆ ಗುರುತಿನ ತುದಿಯೇ ಇಳಿದರೆ ಅದೇ ಭಾರ. ಗುರುತು ಮೇಲೆದ್ದು ಇನ್ನೊಂದು ತುದಿ ಇಳಿದರೆ ದೋಷ ಮೊಳೆಯದು, ಬ್ಲೇಡಿನದ್ದಲ್ಲ. ಅಂಗಡಿಯ ತಕ್ಕಡಿಯಲ್ಲಿ ಸಾಮಾನನ್ನೂ ತೂಕದ ಕಲ್ಲನ್ನೂ ತಟ್ಟೆ ಬದಲಿಸಿ ನೋಡುವ ಉಪಾಯವೇ ಇದು.

ಮೊಳೆಗೆ ಒಂದು ಮಿತಿ ಇದೆ. ತೂತಿನ ಮೇಲಂಚು ಮೊಳೆಯ ಮೇಲೆ ಕೂರುವುದರಿಂದ ಬ್ಲೇಡಿನ ಭಾರಕೇಂದ್ರ ಆಸರೆಗಿಂತ ಕೆಳಗಿರುತ್ತದೆ. ಆಗ ಬ್ಲೇಡು ತಾನಾಗಿ ಸಮಕ್ಕೆ ಬರಲು ನೋಡುತ್ತದೆ, ಜೊತೆಗೆ ಮೊಳೆಯ ಉಜ್ಜಾಟ. ಸಣ್ಣ ವ್ಯತ್ಯಾಸ ಅಡಗಿಹೋಗಬಹುದು. ತೂತು ನಕ್ಷತ್ರದ ಆಕಾರದಲ್ಲಿದ್ದರಂತೂ ಮೊಳೆ ನಂಬುವ ಹಾಗಿಲ್ಲ. ಶಂಕುವಿನ ಆಕಾರದ ಬ್ಯಾಲೆನ್ಸರ್ ಕಡಿಮೆ ಬೆಲೆಗೆ ಸಿಗುತ್ತದೆ, ಅದು ತೂತಿನ ನಟ್ಟನಡುವೆ ಕೂರುತ್ತದೆ.

ಭಾರದ ತುದಿಯಲ್ಲಿ, ಹರಿತ ಅಂಚನ್ನು ಬಿಟ್ಟು ಹಿಂಬದಿಯಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ. ತುದಿಯ ಹತ್ತಿರ ತೆಗೆದ ಒಂದು ಗ್ರಾಂ, ನಡುವಿನ ಹತ್ತಿರ ತೆಗೆದ ಹಲವು ಗ್ರಾಂಗೆ ಸಮ. ಗಾಳಿ ಎಬ್ಬಿಸುವ ಬಾಗಿದ ರೆಕ್ಕೆಯನ್ನು ಮುಟ್ಟಬೇಡಿ.

ಜೋಡಿಸುವಾಗ ಆ ರೆಕ್ಕೆ ಮೇಲ್ಮುಖವಾಗಿರಬೇಕು. ಬೋಲ್ಟನ್ನು ಕೈಪಿಡಿ ಹೇಳಿದಷ್ಟು ಬಿಗಿ ಮಾಡಿ. ಇಷ್ಟಾದಮೇಲೂ ಯಂತ್ರ ಜೋರಾಗಿ ಅದುರಿದರೆ ಕೂಡಲೇ ನಿಲ್ಲಿಸಿ, ಮೆಕ್ಯಾನಿಕ್‌ಗೆ ತೋರಿಸಿ. ಕಲ್ಲಿಗೋ ಬೇರಿಗೋ ಬಡಿದು ಬ್ಲೇಡನ್ನು ತಿರುಗಿಸುವ ದಂಡ (ಕ್ರ್ಯಾಂಕ್‌ಶಾಫ್ಟ್) ಬಾಗಿರುವ ಸಾಧ್ಯತೆ ಇದೆ.