ದೀಪ ಆರಿದ ಮೇಲೂ ಉಳಿಯುವ ಬೆಳಕು

ಕತ್ತಲೆಯ ಕೋಣೆಯಲ್ಲಿ ಟಾರ್ಚ್ ಹೊತ್ತಿಸಿ ಅದರ ಬಾಯಿಗೆ ಅಂಗೈ ಮುಚ್ಚಿ ನೋಡಿ. ಬೆರಳುಗಳ ಸಂದಿಯೆಲ್ಲ ಕೆಂಡದಂತೆ ಕೆಂಪಾಗುತ್ತದೆ. ಬಿಳಿ ಬೆಳಕಿನಲ್ಲಿದ್ದ ನೀಲಿಯನ್ನೂ ಹಸಿರನ್ನೂ ರಕ್ತದ ಹಿಮೋಗ್ಲೋಬಿನ್ ನುಂಗಿಬಿಟ್ಟಿತು. ಮಾಂಸವನ್ನು ದಾಟಿ ಬಂದದ್ದು ಕೆಂಪು ಮಾತ್ರ. ಸುಮಾರು 650ರಿಂದ 950 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ತರಂಗಾಂತರದ ಈ ಕೆಂಪು ಮತ್ತು ಅದರಾಚೆಯ ಅವಗೆಂಪು ಬೆಳಕೇ ದೇಹದೊಳಗೆ ಇಣುಕಲು ನಮಗಿರುವ ಕಿಟಕಿ.

ದೇಹದೊಳಗಿನ ಕ್ಯಾನ್ಸರ್ ಗೆಡ್ಡೆಯನ್ನು ಕಾಣಲು, ಹೊಳೆಯುವ ಸೂಕ್ಷ್ಮ ಕಣಗಳನ್ನು ರಕ್ತಕ್ಕೆ ಬಿಟ್ಟು, ಅವು ಗೆಡ್ಡೆಯ ಬಳಿ ಸೇರಿದ ಮೇಲೆ ಹೊರಗಿನಿಂದ ಬೆಳಕು ಬೀರಿದರೆ ಸಾಕು ಎನ್ನಿಸಬಹುದು. ತೊಡಕಿರುವುದು ಅಲ್ಲೇ. ಬೆಳಕು ಬಿದ್ದೊಡನೆ ಚರ್ಮದಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಕೂಡ ಮಿನುಗುತ್ತದೆ. ಜಾತ್ರೆಯ ದೀಪಗಳ ನಡುವೆ ಒಂದು ಮಿಣುಕುಹುಳುವನ್ನು ಹುಡುಕಿದಂತೆ.

2007ರಲ್ಲಿ ಪ್ಯಾರಿಸ್ಸಿನ ಸಂಶೋಧಕ ಡೇನಿಯಲ್ ಶೆರ್ಮನ್ ಅವರ ತಂಡ ಪ್ರಕಟಿಸಿದ ಉಪಾಯ ನನಗೆ ತುಂಬ ಇಷ್ಟ: ಮೊದಲು ದೀಪ ಆರಿಸಿ, ಆಮೇಲೆ ನೋಡಿ. ಕತ್ತಲಲ್ಲಿ ಹೊಳೆಯುವ ಗಡಿಯಾರದ ಮುಳ್ಳಿನ ಹಾಗೆ, ಅವರ ಕಣಗಳು ಅತಿನೇರಳೆ ಬೆಳಕನ್ನು ಉಂಡು, ಇಲಿಯ ದೇಹ ಸೇರಿದ ಮೇಲೂ ಮಿನುಗುತ್ತಿದ್ದವು. ಸುತ್ತಲಿನ ಅಂಗಾಂಶಕ್ಕೆ ಆ ತಾಳ್ಮೆಯಿಲ್ಲ. ದೀಪ ಆರಿದ ಕ್ಷಣವೇ ಅದರ ಹೊಳಪೂ ಆರುತ್ತದೆ. ಆದರೆ ಕಣಗಳ ಬೆಳಕು ಒಮ್ಮೆ ಮುಗಿದರೆ ಮುಗಿಯಿತು, ಅತಿನೇರಳೆ ಬೆಳಕು ಮೈಯೊಳಗೆ ಇಳಿಯುವುದಿಲ್ಲವಲ್ಲ.

2014ರಲ್ಲಿ ಪ್ಯಾರಿಸ್ಸಿನಲ್ಲೇ ಅದಕ್ಕೂ ದಾರಿ ಸಿಕ್ಕಿತು. ಸತು ಮತ್ತು ಗ್ಯಾಲಿಯಂ ಆಕ್ಸೈಡಿನ ಹರಳಿಗೆ ಚೂರು ಕ್ರೋಮಿಯಂ ಬೆರೆಸಿದರು. ಹರಳಿನಲ್ಲಿ ಅಲ್ಲಲ್ಲಿ ಸತುವಿನ ಜಾಗದಲ್ಲಿ ಗ್ಯಾಲಿಯಂ, ಗ್ಯಾಲಿಯಂ ಜಾಗದಲ್ಲಿ ಸತು ಕುಳಿತಿರುತ್ತದೆ. ಈ ದೋಷಗಳೇ ಶಕ್ತಿಯನ್ನು ಹಿಡಿದಿಟ್ಟು, ದೇಹದ ಬಿಸಿಗೆ ಮೆಲ್ಲಗೆ ಬಿಟ್ಟುಕೊಡುವ ಬಲೆಗಳು. ಹೊರಹೊಮ್ಮುವ ಬೆಳಕು ಸುಮಾರು 700 ನ್ಯಾನೋಮೀಟರ್, ಕಿಟಕಿಯೊಳಗಿನದೇ. ಕಿತ್ತಳೆ ಕೆಂಪು ಬೆಳಕನ್ನು ಮೈಮೇಲೆ ಹಾಯಿಸಿದರೆ, ಒಳಗಿರುವ ಕಣಗಳು ಮತ್ತೆ ತುಂಬಿಕೊಳ್ಳುತ್ತವೆ.

ಹೊಳೆಯುವ ಕಣಗಳ ಈ ವಿಧಾನ ಸಿಟಿ ಸ್ಕ್ಯಾನಿಗೆ ಬದಲಿಯಲ್ಲ. ಬೆಳಕು ಕೆಲವೇ ಸೆಂಟಿಮೀಟರ್ ಆಳದಲ್ಲಿ ಚದುರಿ ಸೋಲುತ್ತದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಕ್ಯಾನ್ಸರ್ ಹರಡಿರಬಹುದಾದ ಯಾವ ದುಗ್ಧರಸ ಗ್ರಂಥಿಯನ್ನು (ಲಿಂಫ್ ನೋಡ್) ತೆಗೆಯಬೇಕು ಎಂದು ವೈದ್ಯರು ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ.

ಹೊಳಪಿಗಿಂತ ನನ್ನನ್ನು ಹೆಚ್ಚು ಕಾಡುವುದು ಕಣದ ಗಾತ್ರ. ಹತ್ತಾರು ನ್ಯಾನೋಮೀಟರಿನ ಕಣಗಳನ್ನು ಯಕೃತ್ತು, ಗುಲ್ಮ (ಸ್ಪ್ಲೀನ್) ಹಿಡಿದಿಟ್ಟುಕೊಳ್ಳುತ್ತವೆ. ಮೂತ್ರಪಿಂಡದ ಜರಡಿಯಲ್ಲಿ ಸಲೀಸಾಗಿ ಇಳಿದು ದೇಹದಿಂದ ಹೊರಹೋಗಲು ಕಣ ಆರೇಳು ನ್ಯಾನೋಮೀಟರ್ ಮೀರಬಾರದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಿಲಿಕಾ ಕಣಗಳು ಅಷ್ಟೇ ಪುಟ್ಟವು, ಒಳಗೆ ಹೊಳೆಯುವ ಬಣ್ಣ. ದೀಪ ಆರಿದರೆ ಅವೂ ಆರುತ್ತವೆ, ನಿಜ. ಆದರೆ 2011ರಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗೆ ಅನುಮತಿ ದೊರೆತದ್ದು ಅವಕ್ಕೆ. ಮೊದಲ ಐವರು ರೋಗಿಗಳ ದೇಹದಿಂದ ಅವು ಮೂತ್ರದೊಂದಿಗೆ ಹೊರಬಿದ್ದವು.